ಮಾಳಗುಂಡಿಯ ಬಾವಿಗೆ ಆಕರ

ಇಪ್ಪತ್ತು ವರ್ಷದ ಹಿಂದೆ, ಸಂಡೂರಿನ ಹಾಸ್ಟೆಲಿಗೆ ಹೊರಟ ಬೆಳಿಗ್ಗೆ, ಸುಕನ್ಯಾ ತನ್ನ ಅಜ್ಜಿ ಹುಸೇನಮ್ಮನಿಗೆ ಒಂದು ಮಾತು ಕೊಟ್ಟಿದ್ದಳು. ಅಜ್ಜಿ ರೊಟ್ಟಿ ಬುತ್ತಿ ಕಟ್ಟುತ್ತ ಕೂತಿದ್ದಳು.

"ಬರಗಾಲದಾಗ ಊರ ಬಾವಿ ತೋಡಿದ್ದು ನಮ್ಮ ಕೇರಿ ಹೆಣ್ಮಕ್ಳು. ಎಲ್ಡು ಬ್ಯಾಸಿಗಿ ಮಣ್ಣು ಹೊತ್ತೀವಿ. ನೀರು ಬಿದ್ದ ದಿನಾನ ದೂರ ನಿಲ್ಸಿದ್ರು, ಹಗ್ಗ ಮುಟ್ಟಬ್ಯಾಡ್ರಿ ಅಂತ. ನಂಗ ಬರಿಯಾಕ ಬರಲ್ಲ. ನೀ ಎಲ್ಲೆರ ಬರಿ, ನಾಕು ಮಂದಿ ಓದಂಗ."

"ಬರೀತೀನಿ ಬಿಡಬೇ," ಎಂದಿದ್ದಳು ಸುಕನ್ಯಾ, ಬಸ್ಸಿನ ಕಡೆ ಕಿವಿಯಿಟ್ಟುಕೊಂಡೇ.

ಅಜ್ಜಿ ತೀರಿಕೊಂಡು ಹನ್ನೊಂದು ವರ್ಷವಾಯಿತು. ಸುಕನ್ಯಾ ಈಗ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ಆಟೋ ಓಡಿಸುವ ಗಂಡ ಜಂಬುನಾಥ ಮತ್ತು ಐದನೇ ತರಗತಿಯ ಮಗಳ ಜೊತೆ ಇದ್ದಾಳೆ. ಕಂಪ್ಲಿ ರಸ್ತೆಯ ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಗಿರಣಿಯ ಮಾಲೀಕ ಮಲ್ಲೇಶ್ ಅವಳ ಊರಿನವನೇ. ಚೋರನೂರಿನ ಆಚೆಗಿರುವ ಮಾಳಗುಂಡಿಯ ದೊಡ್ಡ ಮನೆಯ ರೇವಣಸಿದ್ದಪ್ಪನ ಮಗ. ನಮ್ಮೂರ ಹುಡುಗಿ ಎಂದು ಕರೆದು ಕೆಲಸ ಕೊಟ್ಟವನು.

ಗ್ರಂಥಾಲಯದಲ್ಲಿ ವಿಕಿ ಬರೆಯುವುದನ್ನು ಕಲಿಸುತ್ತಾರೆಂದು ಕೇಳಿ ಒಂದು ಭಾನುವಾರ ಹೋದಳು. ಕಾಲೇಜಿನಲ್ಲಿ ಪಾಠ ಹೇಳುವ ಶೈಲಜಾ ಮೇಡಂ, "ಇದು ಎಲ್ಲಾರೂ ಕೂಡಿ ಬರಿಯೋ ವಿಶ್ವಕೋಶ. ತಪ್ಪಿದ್ರ ತಿದ್ರಿ, ಇಲ್ಲದ್ದು ಸೇರಸ್ರಿ," ಎಂದರು. ಮೊದಲು ಒಂದು ಬಳಕೆದಾರ ಹೆಸರು ಇಟ್ಟುಕೊಳ್ಳಬೇಕಿತ್ತು. ಅಕ್ಕಪಕ್ಕದವರು ನವಿಲುಗರಿ, ತುಂಗಭದ್ರೆ ಎಂದು ಏನೇನೋ ಇಟ್ಟುಕೊಂಡರು. ಸುಕನ್ಯಾಳಿಗೆ ಅರ್ಜಿ ತುಂಬಿಯೇ ಅಭ್ಯಾಸ. ರೇಷನ್ ಕಾರ್ಡಿಗೆ ತುಂಬುವ ಹಾಗೆಯೇ ತನ್ನ ಹೆಸರು, ಸಾಕಿದವಳ ಹೆಸರು, ಊರು ಮೂರನ್ನೂ ಹಾಕಿದಳು: ಸುಕನ್ಯಾ ಹುಸೇನಮ್ಮ ಮಾಳಗುಂಡಿ.

ಮಾಳಗುಂಡಿಯ ಬಗ್ಗೆ ಅಲ್ಲಿ ಆಗಲೇ ಒಂದು ಪುಟ್ಟ ಲೇಖನವಿತ್ತು. 'ದೊಡ್ಡ ಮನೆತನದವರು ಕಟ್ಟಿಸಿದ ಬಾವಿ ಇಡೀ ಊರಿನ ದಾಹ ತಣಿಸಿತು' ಎಂಬ ಸಾಲನ್ನು ಅವಳು ಎರಡು ಸಲ ಓದಿದಳು. ಅದರ ಕೆಳಗೆ ಎರಡು ವಾಕ್ಯ ಸೇರಿಸಿದಳು. ಬಾವಿ ತೋಡಿದವರು ಕೆಳಗಿನ ಕೇರಿಯ ಹೆಂಗಸರು. ಅವರಿಗೆ ಅದರಿಂದ ನೀರು ಸೇದಲು ಬಿಡಲಿಲ್ಲ.

ಚಹಾ ಕುಡಿದು ಬರುವಷ್ಟರಲ್ಲಿ ಎರಡೂ ವಾಕ್ಯ ಹೋಗಿದ್ದವು. ಬೇರೆ ಯಾವುದೋ ಊರಿನ ಸಂಪಾದಕರೊಬ್ಬರು ತೆಗೆದು, 'ದಯವಿಟ್ಟು ಆಕರ ಕೊಡಿ' ಎಂದು ಬರೆದಿದ್ದರು.

"ನಮ್ಮಜ್ಜಿ ಹೇಳಿದ್ದು ಸುಳ್ಳಾ ಮೇಡಂ?"

"ಸುಳ್ಳಂತ ಯಾರಂದ್ರು? ಬಾಯಿಮಾತು ಇಲ್ಲಿ ನಡಿಯಲ್ಲ. ಎಲ್ಲೆರ ಅಚ್ಚಾಗಿದ್ದು ತೋರಿಸ್ಬೇಕು, ಅಷ್ಟೆ."

ಊರ ಶಾಲೆಯ ಬೆಳ್ಳಿಹಬ್ಬಕ್ಕೆ ಮೂಕಣ್ಣ ಮೇಷ್ಟ್ರು ಒಂದು ಸ್ಮರಣ ಸಂಚಿಕೆ ತಂದಿದ್ದರೆಂದು, ಅದರಲ್ಲಿ ಬಾವಿಯ ಸಂಗತಿ ಇದೆಯೆಂದು ಅಜ್ಜಿ ಹೇಳುತ್ತಿದ್ದದ್ದು ಸುಕನ್ಯಾಳಿಗೆ ನೆನಪಾಯಿತು. ಈಗ ಅದರ ಪ್ರತಿ ಇದ್ದರೆ ಹಳೆಯ ಕಾಗದಪತ್ರ ಬಿಸಾಡದ ದೊಡ್ಡ ಮನೆಯಲ್ಲಿ ಮಾತ್ರ.

ಸೋಮವಾರ ಬೆಳಿಗ್ಗೆ ಮಲ್ಲೇಶ್ ಅವಳನ್ನು ಒಳಗೆ ಕರೆದ. ಮೇಜಿನ ಮೇಲೆ ಫೋನು ಅವಳ ಕಡೆಗೇ ತಿರುಗಿತ್ತು. ಮಾಳಗುಂಡಿ ಪುಟದ ಇತಿಹಾಸ. ಯಾರು ಯಾವ ಗಳಿಗೆಯಲ್ಲಿ ಏನು ಬರೆದರು ಎಂಬ ಪಟ್ಟಿ. ಅದರಲ್ಲಿ ಅವಳ ಮೂರೂ ಹೆಸರು.

"ಇದು ಯಾರವಾ?"

ಇಲ್ಲವೆನ್ನಲು ಜಾಗವೇ ಇರಲಿಲ್ಲ. "ನಾನೇ ರೀ ಸಾವ್ಕಾರ್ರ."

"ನಮ್ಮ ಅಕ್ಕನ ಮಗ ಕಳಿಸಿದ. ಆ ಲೇಖನ ಬರೆದಾವ ಅವನಾ. ನೋಡು, ನಮ್ಮ ತಾತ ಬರಗಾಲದಾಗ ಜ್ವಾಳ ಕೊಟ್ಟು ಕೆಲಸ ಹಚ್ಚಿದ್ದಕ್ಕ ನಿಮ್ಮ ಕೇರಿ ಉಳೀತು. ಅದು ನೆನಪಿಲ್ಲ, ಹಗ್ಗದ್ದು ನೆನಪೈತಿ. ನನ್ನ ಮಗಳು ಸ್ಫೂರ್ತಿಗೆ ಗಂಡು ನೋಡಾಕತ್ತೀವಿ. ಈಗಿನ ಮಂದಿ ಫೋನಿನಾಗ ಊರ ಹೆಸರು ಹೊಡೆದು ನೋಡಿಯೇ ಬರ್ತಾರ. ಏನಂತ ಓದ್ಬೇಕು ಅವ್ರು?"

"ಅದನ್ನ ಆಗ್ಲೇ ತೆಗೆದಾರಲ್ರಿ."

"ಈ ಪಟ್ಟಿಯಾಗ ಐತಲ್ಲ. ಇದನ್ನೂ ಅಳಿಸು."

"ಅದು ಹೋಗಲ್ರಿ. ಅಳಿಸಾಕ ಹೋದ್ರ, ಅಳಿಸಿದ್ಳು ಅಂತ ಇನ್ನೊಂದು ಸಾಲು ಬರ್ತೈತಿ."

ಮಲ್ಲೇಶ್ ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. "ಶುಕ್ರವಾರ ಮಾತಾಡಾಣ. ಮನಿಯಾಗೂ ಕೇಳ್ಕಂಡು ಬಾ," ಎಂದಷ್ಟೇ ಹೇಳಿದ. ಅವತ್ತು ಸುಕನ್ಯಾ ಬಿಲ್ಲುಗಳಲ್ಲಿ ಸೋನಾಮಸೂರಿ ಎಂದು ಬರೆಯಬೇಕಾದ ಕಡೆಯೆಲ್ಲ ನುಚ್ಚು ಎಂದು ಹೊಡೆದಳು.

ಮನೆಯಲ್ಲಿ ಜಂಬುನಾಥ ಊಟದ ತಟ್ಟೆ ಸರಿಸಿಬಿಟ್ಟ. "ನಿಮ್ಮಜ್ಜಿ ಸತ್ತು ಮಣ್ಣಾದ್ಲು. ಆ ಬಾವಿಯಾಗ ನೀರೂ ಇಲ್ಲ ಈಗ, ಪ್ಲಾಸ್ಟಿಕ್ ಐತಿ. ಅದಕ್ಕ ಇದ್ದ ಕೆಲಸ ಕಳ್ಕಂತೀಯ? ಮುಂದಿನ ವರ್ಷ ಮಗಳನ್ನ ಎಲ್ಲಿಗೆ ಹಾಕ್ತಿ?"

"ನಂಗೂ ಅಂಜಿಕಿ ಐತಿ."

"ಮತ್ತ ಸುಮ್ಕಿರು. ಅಂಜಿಕಿ ಇರಾದಾ ಅದಕ್ಕ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಅವಳಿಗೆ ಕಷ್ಟವಾದದ್ದು. ಶೈಲಜಾ ಮೇಡಂಗೆ ಫೋನು ಮಾಡಿದಳು. "ಹೆಸರು ಬ್ಯಾರೆ ಇಟ್ಕಂಡು ಹೊಸ ಖಾತೆ ತೆರೀರಿ. ಹಳೇದನ್ನ ಬಿಟ್ಬಿಡ್ರಿ, ಅದು ತಪ್ಪಲ್ಲ," ಎಂದರು ಅವರು. ಸುಕನ್ಯಾ 'ಮಲ್ಲಿಗೆ' ಎಂದು ಒಂದು ಖಾತೆ ತೆರೆದಿಟ್ಟುಕೊಂಡಳು. ಅಷ್ಟಾದ ಮೇಲೆ ಎದೆ ಕೊಂಚ ಹಗುರಾಯಿತು.

ಬುಧವಾರ ರಜೆ ಹಾಕಿ ಮಾಳಗುಂಡಿಗೆ ಹೊರಟಳು. ಯಶವಂತನಗರದ ಹತ್ತಿರ ಅದಿರಿನ ಲಾರಿಗಳ ಸಾಲಿನಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಇಳಿದು ವಾಪಸು ಹೋಗಿಬಿಡೋಣ ಎಂದು ಎರಡು ಸಲ ಎದ್ದು ಮತ್ತೆ ಕೂತಳು. ದೊಡ್ಡ ಮನೆಯ ಎದುರು ಅವಳ ಕಾಲು ತಾನಾಗಿ ಕೆಳಗಿನ ಮೆಟ್ಟಿಲಲ್ಲೇ ನಿಂತಿತು. ಅಜ್ಜಿ ಅಲ್ಲಿಯೇ ನಿಲ್ಲುತ್ತಿದ್ದಳು.

ಎಂಬತ್ತು ದಾಟಿದ ರೇವಣಸಿದ್ದಪ್ಪ ಕಟ್ಟೆಯ ಮೇಲಿನಿಂದ ಕಣ್ಣು ಕಿರಿದು ಮಾಡಿ ನೋಡಿದ. "ಹುಸೇನಮ್ಮನ ಮೊಮ್ಮಗಳಲ್ಲೇನು? ಮ್ಯಾಲೆ ಬಾರವಾ. ಮಲ್ಲೇಶ ಫೋನ್ ಮಾಡಿದ್ದ. ನೀ ಬರ್ತಿ ಅಂತ ಗೊತ್ತಿತ್ತು."

"ತಾತಾರ, ಆ ಸಂಚಿಕಿ..."

"ಯಾಕ ಬೇಕು ಅದನ್ನ ಹೇಳು. ನಮ್ಮ ಮಾನ ಕಳಿಯಾಕಾ?"

"ಅಲ್ರಿ. ಅಜ್ಜಿಗೆ ಮಾತು ಕೊಟ್ಟೀನ್ರಿ. ಕಟ್ಟಿಸಿದ್ದು ನಿಮ್ಮವರು ಅನ್ನೋದು ಹಂಗಾ ಇರಲಿ, ನಾ ತೆಗಿಯಲ್ಲ. ತೋಡಿದ್ದು ಅವ್ರು, ಸೇದಾಕ ಬಿಡಲಿಲ್ಲ. ಅದೂ ಇರಲಿ ಅಂತೀನಿ."

ಮುದುಕ ಬಾವಿ ಇದ್ದ ದಿಕ್ಕಿಗೆ ತಿರುಗಿ ಕೂತ.

"ನಾನಾಗ ಹತ್ತು ವರ್ಷದಾವ," ಎಂದ. "ನಮ್ಮಪ್ಪ ಕೈಗೆ ಕೋಲು ಕೊಟ್ಟು ಬಾವಿಕಟ್ಟಿ ಮ್ಯಾಲೆ ಕುಂದ್ರಿಸ್ತಿದ್ದ, ಯಾರೂ ಮುಟ್ಟದಂಗ ನೋಡ್ಕ ಅಂತ. ನಿಮ್ಮಜ್ಜಿ ಖಾಲಿ ಕೊಡ ಇಟ್ಕಂಡು ಬಿಸಿಲಾಗ ಕುಂತಿರಾಕಿ, ಯಾರೆರ ಸೇದಿ ಹಾಕ್ಲಿ ಅಂತ. ನಂಗೂ ಸೇದಾಕ ಬರ್ತಿತ್ತು. ಒಂದಿನಾನೂ ಹಾಕ್ಲಿಲ್ಲ." ಎದ್ದು ಒಳಗೆ ಹೋಗಿ, ಹುಳ ತಿಂದ ತೆಳ್ಳನೆಯ ಪುಸ್ತಕ ತಂದು ಅವಳ ಕೈಗಿಟ್ಟ. "ಮೂವತ್ತೊಂದನೇ ಪುಟ. ಮೂಕಣ್ಣ ಇದ್ದದ್ದು ಇದ್ದಂಗ ಬರೆದಾನ."

"ಸಾವ್ಕಾರ್ರು ಕೆಲಸದಿಂದ ತೆಗೆದ್ರ ತಾತಾರ?"

"ತೆಗೆದ್ರ ತೆಗೆದಾನು. ನನ್ನ ಮಾತು ಅವ ಯಾವಾಗ ಕೇಳ್ಯಾನ? ಸುಳ್ಳು ಭರವಸಿ ಕೊಡಲ್ಲವಾ ನಾನು."

ಪುಟದಲ್ಲಿ ಎಲ್ಲವೂ ಇತ್ತು: ತೋಡಿದ ಕೇರಿ, ಎರಡು ಬೇಸಿಗೆ, ಆ ಹೆಂಗಸರು ಹಗ್ಗ ಹಿಡಿಯಲು ಕಾಯಬೇಕಾದ ಇಪ್ಪತ್ತೊಂದು ವರ್ಷ. ಹೆಂಗಸರ ಹೆಸರು ಮಾತ್ರ ಒಂದೂ ಇರಲಿಲ್ಲ. ಆಕರವಿಲ್ಲದೆ ತಾನೂ ಸೇರಿಸುವಂತಿಲ್ಲ ಎಂಬುದು ಸುಕನ್ಯಾಳಿಗೆ ಈಗ ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಗಿರಣಿಯ ಹಿಂದಿನ ಬೇವಿನ ಮರದ ಕೆಳಗೆ ಕೂತು ಫೋನಿನಲ್ಲಿ ಬರೆದಳು. ಸಂಚಿಕೆಯ ಹೆಸರು, ವರ್ಷ, ಪುಟ ಹಾಕಿದಳು. ದೊಡ್ಡ ಮನೆತನದ ಸಾಲನ್ನು ಮುಟ್ಟಲಿಲ್ಲ. ಮೇಲೆ 'ಮಲ್ಲಿಗೆ' ಎಂದಿತ್ತು. ಒತ್ತಿದರೆ ಮುಗಿಯಿತು, ಯಾರಿಗೂ ತಿಳಿಯದು. ಆದರೆ ಹುಸೇನಮ್ಮ ಎಂಬ ಹೆಸರು ಈ ಪುಟದ ಯಾವ ಮೂಲೆಯಲ್ಲಾದರೂ ಇರಲು ಸಾಧ್ಯವಿದ್ದರೆ, ಅದು ಬರೆದವರ ಪಟ್ಟಿಯಲ್ಲಿ ಮಾತ್ರ. ಅವಳು ಆ ಖಾತೆಯಿಂದ ಹೊರಬಂದು ಹಳೆಯದಕ್ಕೆ ಹೋದಳು. ಮತ್ತೆ ಎಲ್ಲ ಬರೆಯಬೇಕಾಯಿತು. ಪುಟದ ಸಂಖ್ಯೆಯನ್ನು ಇನ್ನೊಮ್ಮೆ ನೋಡಿಕೊಂಡು 'ಪ್ರಕಟಿಸಿ' ಒತ್ತಿದಳು.

ಐದು ಗಂಟೆಗೆ ಮಲ್ಲೇಶ್ ಕರೆದ. "ತೆಗೆಸಿದೇನವಾ?"

"ಇಲ್ರಿ. ಆಕರ ಕೊಟ್ಟು ಮತ್ತ ಬರೆದೀನಿ. ಓದ್ರಿ ಒಮ್ಮೆ."

ಅವನು ಓದಿದ. ಕೆಳಗೆ ಹೋಗಿ ಸಂಚಿಕೆಯ ಹೆಸರು ನೋಡಿದ. "ಇದು ನಮ್ಮ ಮನಿಯಾಗಿತ್ತಲ್ಲ. ಯಾರು ಕೊಟ್ರು?"

"ನಿಮ್ಮಪ್ಪಾರು."

ಮಲ್ಲೇಶ್ ಫೋನು ಕೆಳಗಿಟ್ಟು ಕಿಟಕಿಯ ಕಡೆ ನೋಡಿದ. ಮುಖ ಕೆಂಪೇರಿತ್ತು, ಸಿಟ್ಟೋ ಬೇರೇನೋ ಅವಳಿಗೆ ತಿಳಿಯಲಿಲ್ಲ. "ಹೋಗು ಈಗ. ಸೋಮವಾರ ಬರ್ಬೇಕೋ ಬ್ಯಾಡೋ ಹೇಳಿ ಕಳಸ್ತೀನಿ."

ಸೋಮವಾರದ ಕೆಲಸದ ಖಾತ್ರಿಯಿಲ್ಲದೆಯೇ ಅವಳು ಚಿತ್ತವಾಡ್ಗಿಯ ಬಸ್ಸು ಹತ್ತಿದಳು. ಹುಸೇನಮ್ಮನಿಗೆ ಕೊಟ್ಟ ಮಾತನ್ನು ಸುಕನ್ಯಾ ನಡೆಸಿದ್ದಳು.