ಗೈರುಹಾಜರಾದ ಎಂಟು

ತಾವರಗೇರಾದ ಶಾಲೆಯಿಂದ ಹನುಮೇಶ ಏಳನೆಯ ತರಗತಿಯಲ್ಲೇ ಎದ್ದು ಹೋಗಿದ್ದ. ಒಂಬತ್ತರ ಮಗ್ಗಿ ಬರಲಿಲ್ಲವೆಂದು ಸಿದ್ದಲಿಂಗೇಶ ಮಾಸ್ತರರು ಹೊರಗೆ ನಿಲ್ಲಿಸಿದ್ದರು. ನಿಂತವನು ಮತ್ತೆ ಒಳಗೆ ಬರಲೇ ಇಲ್ಲ. ಆಮೇಲೆ ಬರೀ ಸಿಟ್ಟಿಗೆ ಆ ಮಗ್ಗಿ ಕಲಿತ, ಪೇಂಟರನಾದ. ಈಗ ಅದೇ ಶಾಲೆಯ ಗೋಡೆಗೆ ಒಂದರಿಂದ ಒಂಬತ್ತರವರೆಗೆ ಮೊಳದುದ್ದದ ಅಂಕಿ ಬರೆಯುವ ಕೆಲಸ ಸಿಕ್ಕಿತ್ತು. ಮೂಲೆಯಲ್ಲಿ ತನ್ನ ಹೆಸರು ಬರೆಯಬೇಕು, ಮಾಸ್ತರರು ದಿನಾ ನೋಡಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ಬಾಯಲ್ಲಿ ಹೇಳುತ್ತಾ ಬರೆಯುವುದು ಅವನ ರೂಢಿ. ‘ಏಳು’ ಎಂದು ಏಳನ್ನು ಮುಗಿಸಿದ್ದ, ಅಷ್ಟರಲ್ಲಿ ಬಿಸಿಯೂಟದ ಹುಲಗೆಮ್ಮ ಕೂಗಿದಳು: “ಏಳು! ಚಾ ಆರಾಕತ್ತೈತಿ!”

ಎದ್ದ, ಕುಡಿದ, ಬಂದ. ತನ್ನದೊಂದು ಏಳು, ಅವಳದೊಂದು ಏಳು ಸೇರಿ ತಲೆಯಲ್ಲಿ ಲೆಕ್ಕ ಒಂದು ಮನೆ ಮುಂದೆ ಜಿಗಿದಿತ್ತು. ಕುಂಚ ನೇರ ಒಂಬತ್ತಕ್ಕೆ ಇಳಿಯಿತು.

12345679.

ಮಾಸ್ತರರು ಬಂದು ಸ್ಟೂಲಿನ ಮೇಲೆ ಕೂತರು. “ಎಂಟು ಎಲ್ಲೈತೋ?”

ಹನುಮೇಶನ ಕಿವಿ ಕೆಂಪಾದವು.

“ಯಾವ ಲೆಕ್ಕಕ್ಕೂ ಬಾರದ ಸಂಖ್ಯೆ, ಬರದಾಂವನಂಗ. ಎಲ್ಲಾ ಅಳಿಸು. ಇದರ ಕೆಳಗ ಹೆಸರು ಗಿಸರು ನಡಿಯಂಗಿಲ್ಲ.”

“ಲೆಕ್ಕಕ್ಕ ಬರಂಗಿಲ್ಲಾ? ಯಾವ ಮಗ್ಗಿಗೆ ನನ್ನ ಹೊರಗ ಹಾಕಿದ್ರಿ, ಅದರಿಂದನ ಗುಣಿಸ್ತೀನಿ, ನೋಡ್ರಿ!”

ಮಾಸ್ತರರ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಗೋಡೆಗೇ ಶುರುವಿಟ್ಟ. ಒಂಬತ್ತೊಂಬತ್ಲೆ ಎಂಬತ್ತೊಂದು. ಒಂದು ಬರೆದ. “ಎಂಟು ಎಲ್ಲೈತಿ ಅಂದ್ರಲ್ಲ? ಕೈಯಾಗೈತಿ!” ಒಂಬತ್ತೇಳ್ಲೆ ಅರವತ್ಮೂರು, ಕೈಯ ಎಂಟು ಕೂಡಿ ಎಪ್ಪತ್ತೊಂದು. ಮತ್ತೆ ಒಂದು. ಮುಂದೆ ಅರವತ್ತೊಂದು, ಐವತ್ತೊಂದು, ನಲವತ್ತೊಂದು...

111111111.

ಹನುಮೇಶ ತಾನೇ ಬೆಚ್ಚಿದ. ಹುಲಗೆಮ್ಮ ಅಕ್ಕಿ ಅಳೆಯುವಾಗ ಒಂದು ಅನ್ನುವವಳಲ್ಲ, ಲಾಭ ಅನ್ನುವವಳು. ಗದ್ದಲ ಕೇಳಿ ಬಂದವಳು ಬೆರಳಿಟ್ಟು ಓದಿದಳು: “ಲಾಭ, ಲಾಭ, ಲಾಭ... ಯವ್ವಾ, ಒಂಬತ್ತು ಲಾಭ! ಸರ, ಇಂಥಾ ಗ್ವಾಡಿ ಅಳಿಸ್ತಾರೇನ್ರಿ?”

“ತಡಿ, ತಡಿ,” ಎಂದು ಮಾಸ್ತರರು ಎಂಟನ್ನೂ ಸೇರಿಸಿ ಕಾಗದದಲ್ಲಿ ಗುಣಿಸಿದರು. 1111111101. ಎಂಟು ಬಂದದ್ದೇ ತಡ, ಸಾಲಿನ ನಡುವೆ ಸೊನ್ನೆ ಬಂದು ಕೂತಿತ್ತು.

“ಎಂಟನ್ನ ಕರಕೊಂಡು ಬಂದ್ರಿ, ಏನ್ ಕೊಟ್ತು? ಸೊನ್ನಿ!” ಹನುಮೇಶನಿಗೆ ಈಗ ಹುರುಪು. ಗೋಡೆಯ ಮೇಲಿನ ಒಂದುಗಳನ್ನು ಏಳರಿಂದ ಗುಣಿಸಿದ. 777777777. “ಓದಬೇ ಹುಲಗೆಮ್ಮಕ್ಕ!”

“ಏಳು, ಏಳು, ಏಳು...”

ಮೂರನೆಯದಕ್ಕೇ ಮಾಸ್ತರರು ಎದ್ದು ನಿಂತಿದ್ದರು. ಯಾಕೆ ಎದ್ದೆನೆಂದು ಹೊಳೆದು ನಕ್ಕುಬಿಟ್ಟರು. “ಇರ್ಲಿ, ಅಳಿಸಬ್ಯಾಡ. ಆದ್ರ ಹುಡುಗ್ರು ಎಂಟು ಎಲ್ಲಿ ಅಂತ ಕೇಳ್ತಾರಲ್ಲೋ?”

ಹನುಮೇಶ ಗೋಡೆಯ ಮೂಲೆಯಲ್ಲಿ ಬರೆದ: ಗೈರು – 8. ಕುಂಚ ಅಲ್ಲೇ ನಿಂತಿತು.

ಮಾಸ್ತರರು ಅದನ್ನೇ ನೋಡುತ್ತಿದ್ದು, ಹಾಜರಿ ಕೂಗುವ ದನಿಯಲ್ಲಿ ಕರೆದರು: “ಹನುಮೇಶಾ!”

“ಹಾಜರ್‌ ರೀ!” ಎಂದು ಗದರಿಸುವಂತೆ ಕೂಗಿ, ತನ್ನ ಹೆಸರನ್ನು ಒಂಬತ್ತಕ್ಕಿಂತ ದೊಡ್ಡದಾಗಿ ಬರೆದ.