ಎದಿಲ್ಮಾಳ ಮೂರನೇ ಗುರುವಾರ

ಗುರುವಾರ ಬಂತೆಂದರೆ ಎದಿಲ್ಮಾ ಬೆಳಗಿನ ಐದಕ್ಕೇ ಎದ್ದು ನೆಲ ಉಜ್ಜಲು ಕೂರುತ್ತಿದ್ದಳು. ಮಧ್ಯಾಹ್ನ ಎರಡಕ್ಕೆ ಯಾನೆತ್ ಬರುವವಳಿದ್ದಳಲ್ಲ, ಅದಕ್ಕೆ. ಯಾನೆತ್ ಏನೂ ನೆಂಟಳಲ್ಲ. ಬೊಗೋಟಾ ನಗರದ ದಕ್ಷಿಣಕ್ಕೆ ಎದಿಲ್ಮಾ ಇದ್ದ ಗುಡ್ಡದ ಬಡಾವಣೆಯಲ್ಲಿ, ಕೇಬಲ್ ಕಾರ್ ನಿಲ್ದಾಣದ ಪಕ್ಕ, ಆರೈಕೆ ಕೇಂದ್ರ ಅಂತ ಒಂದಿದೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಸಂಬಳವಿಲ್ಲದೆ ವರ್ಷಗಟ್ಟಲೆ ನೋಡಿಕೊಳ್ಳುವ ಹೆಂಗಸರಿಗೆ ವಾರಕ್ಕೆ ಎರಡು ಗಂಟೆಯಾದರೂ ಬಿಡುವು ಸಿಗಲಿ ಎಂದು ಅಲ್ಲಿಂದ ಯಾನೆತ್‌ಳಂಥವರನ್ನು ಕಳಿಸುತ್ತಾರೆ. ಅವಳು ಮನೆಯಲ್ಲಿ ಕಾವಲಿರುವಾಗ ಮನೆಯವಳು ಕೇಂದ್ರಕ್ಕೆ ಹೋಗಿ ಬಟ್ಟೆ ಒಗೆಸಿಕೊಳ್ಳಬಹುದು, ಅರ್ಧಕ್ಕೆ ಬಿಟ್ಟ ಓದು ಮುಗಿಸಬಹುದು, ಸುಮ್ಮನೆ ಮಲಗಿ ಗೊರಕೆ ಹೊಡೆದರೂ ಯಾರೂ ಕೇಳುವುದಿಲ್ಲ. ಎದಿಲ್ಮಾ ಸೈಕಲ್ ಕಲಿಯುತ್ತೇನೆಂದು ಹೆಸರು ಬರೆಸಿದ್ದಳು.

ಐವತ್ತೇಳು ವರ್ಷಕ್ಕೆ ಸೈಕಲ್ಲೇ ಎಂದು ಮೂಗು ಮುರಿಯುವವರು ಮುರಿಯಲಿ. ಅವಳು ಹುಟ್ಟಿದ್ದು ಬೊಯಾಕಾ ಪ್ರಾಂತ್ಯದ ಹಳ್ಳಿಯಲ್ಲಿ. ಅಲ್ಲಿ ಗಂಡುಮಕ್ಕಳು ನಡೆಯಲು ಕಲಿತ ಮರುದಿನವೇ ಸೈಕಲ್ ಹತ್ತುತ್ತಾರೆ. ಮೂವರು ಅಣ್ಣಂದಿರು ಗಾಳಿ ಹಾಕುವಾಗ ಸೈಕಲ್ ಅಲುಗದಂತೆ ಹಿಡಿದುಕೊಂಡು ನಿಲ್ಲುವುದು ಇವಳ ಕೆಲಸವಾಗಿತ್ತು. ಹತ್ತುವ ಆಸೆ ಹೇಳಿಕೊಂಡಾಗ, ನೀನು ಸೈಕಲ್ ಹತ್ತಿದರೆ ಒಲೆ ಹಚ್ಚುವವರು ಯಾರು ಎಂದು ಅಪ್ಪ ಕೇಳಿದ್ದ. ಆಗ ಮುಚ್ಚಿದ ಬಾಯಿ, ಕೇಂದ್ರದ ಅರ್ಜಿಯ ಮುಂದೆ ಕೂತಾಗಲೇ ತೆರೆದದ್ದು.

ಅವಳು ನೋಡಿಕೊಳ್ಳುತ್ತಿದ್ದುದು ಅತ್ತೆ ಉಬಾಲ್ದಿನಾರನ್ನು. ಅವರಿಗೆ ಎಂಬತ್ತನಾಲ್ಕು. ನಾಲ್ಕು ವರ್ಷದ ಹಿಂದೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಬಾಯಿ ಸೊಟ್ಟಗಾದರೂ ಮಾತಿಗೆ ಮಾತ್ರ ಏನೂ ಆಗಿರಲಿಲ್ಲ, ದೇವರ ದಯೆ! ಎದಿಲ್ಮಾಳ ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಉಳಿದವರು ಇಬ್ಬರೇ. ಉಪ್ಪು ಹೆಚ್ಚಾಯಿತೆಂದು ಬೆಳಿಗ್ಗೆ ಜಗಳ, ಕಮ್ಮಿಯಾಯಿತೆಂದು ಸಂಜೆ ಜಗಳ. ಆದರೂ ಒಬ್ಬರಿಗೆ ಕೆಮ್ಮು ಬಂದರೆ ಇನ್ನೊಬ್ಬರಿಗೆ ನಿದ್ದೆ ಇಲ್ಲ.

ಮೊದಲ ಗುರುವಾರ ಯಾನೆತ್ ಬಂದಳು. ನಲವತ್ತರ ಆಸುಪಾಸಿನ ದಪ್ಪನೆಯ, ನಗುಮುಖದ ಹೆಂಗಸು. ಎದಿಲ್ಮಾ ಕುರ್ಚಿ ಒರೆಸಿ ಕೂರಿಸಿದಳು. ಬಿಸಿ ಚಾಕಲೇಟ್ ಕಡೆದು, ಅದಕ್ಕೆ ಅದ್ದಿ ತಿನ್ನಲು ಚೀಸು, ಬ್ರೆಡ್ಡು ತಂದಿಟ್ಟಳು. ಮನೆಗೆ ಬಂದವರ ಕೈಯಲ್ಲಿ ಲೋಟ ಇರುವಾಗ ಎದ್ದು ಹೋಗುವುದು ಹೇಗೆ? ಲೋಟ ಖಾಲಿಯಾಯಿತು. ಖಾಲಿ ಲೋಟದ ಮುಂದೆ ಬಂದವರನ್ನು ಕೂರಿಸಿ ಹೋಗುವುದಂತೂ ಇನ್ನೂ ಕೆಟ್ಟದ್ದು. ಇನ್ನೊಮ್ಮೆ ತುಂಬಿಸಿದಳು. ಮಾತು ಶುರುವಾಯಿತು. ಗಡಿಯಾರ ನೋಡಿದರೆ ನಾಲ್ಕು.

ಎರಡನೇ ಗುರುವಾರ ಚಾಕಲೇಟ್ ಬೇಡವೆಂದು ಯಾನೆತ್ ಮೊದಲೇ ಹೇಳಿದ್ದಳು. ಸರಿ, ಎದಿಲ್ಮಾ ಕೋಳಿ ಸಾರು ಮಾಡಿದಳು. ಮೂರು ಬಗೆಯ ಆಲೂಗಡ್ಡೆ, ಮೆಕ್ಕೆಜೋಳದ ತೆನೆ, ಮೇಲೆ ಕೆನೆ. ಬಡಿಸಿದವಳು ಎದುರಿಗೆ ಕೂತು "ಇನ್ನೊಂದು ಸೌಟು" ಅನ್ನದಿದ್ದರೆ ಅದೆಂಥ ಊಟ? ಮತ್ತೆ ನಾಲ್ಕಾಯಿತು. ಹೊರಡುವಾಗ ಯಾನೆತ್ ಬಾಗಿಲಲ್ಲಿ ನಿಂತು ನಿಟ್ಟುಸಿರಿಟ್ಟಳು.

"ಅಕ್ಕ, ಒಂದು ಮಾತು. ಮೂರು ಸಲ ಕ್ಲಾಸಿಗೆ ಹೋಗ್ಲಿಲ್ಲ ಅಂದ್ರೆ ಹೆಸರು ತೆಗೀತಾರೆ. ನಿಮ್ಮ ಸೈಕಲ್ಲೂ ಹೋಯ್ತು, ನಾನು ಬರೋದೂ ನಿಂತ್ಹೋಯ್ತು. ನಿಮ್ಮ ಹಿಂದೆ ಮೂವತ್ತೆಂಟು ಜನ ಕಾಯ್ತಿದ್ದಾರೆ. ನಾನು ಸುಳ್ಳು ಬರೆಯೋಕಾಗಲ್ಲ."

"ಮುಂದಿನ ವಾರ ನೋಡು, ನೀನು ಒಳಗೆ ಕಾಲಿಟ್ಟ ಕೂಡ್ಲೇ ನಾನು ಹೊರಗೆ," ಎಂದಳು ಎದಿಲ್ಮಾ. ಹಾಗೆಂದು ಏಳು ದಿನ ಜಪ ಮಾಡಿದಳು. ನೀರು ಬಿಟ್ಟು ಬೇರೇನೂ ಕೊಡಬಾರದು ಅಂದುಕೊಂಡಳು. ಆದರೆ ಕೈ ಮಾತು ಕೇಳಬೇಕಲ್ಲ! ಮೂರನೇ ಗುರುವಾರ ಎರಡೂಕಾಲಾದರೂ ಅವಳು ಒಲೆಯ ಮುಂದೆ ನಿಂತು ಮೆಕ್ಕೆಜೋಳದ ರೊಟ್ಟಿ ಮಗುಚಿ ಹಾಕುತ್ತಿದ್ದಳು. ಚಾಕಲೇಟ್ ಕರಗುತ್ತಿತ್ತು. ಕ್ಲಾಸು ಎರಡೂವರೆಗೆ.

ಯಾನೆತ್ ತಟ್ಟೆ ಮುಟ್ಟಲಿಲ್ಲ. ಕೈ ಕಟ್ಟಿ ಕೂತಳು.

"ನಾನು ಊಟಕ್ಕೆ ಬಂದವಳಲ್ಲ ಅಕ್ಕ. ನಿಮ್ಮನ್ನ ಹೊರಗೆ ಕಳ್ಸೋಕೆ ಬಂದವಳು. ನೀವು ಹೋಗೋವರೆಗೂ ನಾನೊಂದು ತುತ್ತೂ ತಿನ್ನಲ್ಲ."

ಎದಿಲ್ಮಾಳ ಮುಖ ಬಾಡಿತು. "ನನ್ನ ಮನೇಲಿ ಕೂತು ನನ್ನ ಕೈಯಡುಗೆ ಬೇಡ ಅಂತೀಯಾ? ನಾನೇನು ತಪ್ಪು ಮಾಡ್ದೆ?"

"ಅಯ್ಯೋ ದೇವರೇ! ಬೇಡ ಅಂದಿಲ್ಲ, ಆಮೇಲೆ ತಿಂತೀನಿ ಅಂದೆ!"

"ಆಮೇಲೆ ತಣ್ಣಗಾಗುತ್ತೆ. ತಣ್ಣಗಾದ್ದನ್ನ ನೆಂಟರಿಗೆ ಕೊಡ್ತಾರಾ? ಬಿಸಿ ಮಾಡೋರು ಯಾರು, ಬಡಿಸೋರು ಯಾರು?"

ಇವರಿಬ್ಬರ ಗುದ್ದಾಟ ಹೀಗೆ ನಡೆಯುತ್ತಿರುವಾಗ ಮಂಚದಿಂದ ಕೂಗು ಬಂತು.

"ಎದಿಲ್ಮಾ! ಬಾರೇ ಇಲ್ಲಿ! ಆ ಚಾಕಲೇಟ್ ಜಗ್ಗು, ಕಡೆಗೋಲು ಎರಡೂ ತಗೊಂಡು ಬಾ."

ಅತ್ತೆಗೆ ಹಸಿವಾಯಿತೇನೋ ಎಂದು ಎದಿಲ್ಮಾ ಎರಡನ್ನೂ ತಂದಳು. ಉಬಾಲ್ದಿನಾ ಬಲಗೈ ಊರಿ ದಿಂಬಿಗೆ ಒರಗಿ ಕೂತರು. ಕಂಬಳಿ ಸರಿಮಾಡಿಕೊಂಡರು. ಜಗ್ಗನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡರು.

"ಅತ್ತೆ, ಸುಟ್ಟುಕೊಳ್ತೀರಿ!"

"ಕಂಬಳಿ ಇದೆ. ಸುಮ್ನಿರು. ಯಾನೆತ್, ಬಾರಮ್ಮ, ಈ ಜಗ್ಗು ಹಿಡ್ಕೋ, ಅಲ್ಲಾಡ್ದ ಹಾಗೆ. ನೋಡೇ ಎದಿಲ್ಮಾ, ಈ ಮನೆ ಯಾರ್ದು?"

"ನಿಮ್ದು."

"ಮತ್ತೆ? ಮನೆ ಯಜಮಾನಿ ನಾನಿನ್ನೂ ಕಣ್ಣು ಬಿಟ್ಕೊಂಡು ಕೂತಿರೋವಾಗ ಬಂದವರನ್ನ ನೋಡ್ಕೊಳ್ಳೋಕೆ ನೀನ್ಯಾರೇ? ನಾಲ್ಕು ವರ್ಷದಿಂದ ನನ್ನನ್ನ ಮೂಲೆಗೆ ಕೂರಿಸಿ ನೀನೇ ಎಲ್ಲಾ ಮೆರೀತಿದ್ದೀಯ. ಇವಳು ನನ್ನ ನೆಂಟಳು. ನನಗೋಸ್ಕರ ಬಂದವಳು. ನಾನು ಉಪಚಾರ ಮಾಡ್ತೀನಿ."

ಅತ್ತೆ ಕಡೆಗೋಲನ್ನು ಒಂದೇ ಅಂಗೈಯಲ್ಲಿ ತಿರುಗಿಸಲು ನೋಡಿದರು. ಅದು ಎರಡು ಅಂಗೈ ಕೇಳುವ ಕೆಲಸ. ಜಾರಿತು. ಮತ್ತೆ ಹಿಡಿದರು. ಚಾಕಲೇಟ್ ಹಾರಿ ಕಂಬಳಿಗೆ, ಯಾನೆತ್‌ಳ ಅಂಗಿಗೆ, ಗೋಡೆಯ ಮೇಲಿನ ಕನ್ಯಾಮಾತೆಯ ಪಟಕ್ಕೂ ಸಿಡಿಯಿತು. ಒರೆಸಲು ಎದಿಲ್ಮಾ ಬಟ್ಟೆಗೆ ಕೈ ಹಾಕಿದಳು.

"ಆ ಬಟ್ಟೆ ಕೆಳಗಿಡು," ಎಂದರು ಅತ್ತೆ. ಧ್ವನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ನೋಡು, ಎರಡು ವಾರ ನೀನು ಹೋಗ್ಲಿಲ್ಲ, ನಾನು ಬಾಯಿ ಬಿಡ್ಲಿಲ್ಲ. ಯಾಕೆ ಗೊತ್ತಾ? ನಂಗೆ ಒಳಗೊಳಗೇ ಖುಷಿ. ನೀನು ಹೊರಗಿನ ರುಚಿ ಹತ್ತಿಸ್ಕೊಂಡು ಈ ಮುದುಕಿ ಯಾಕೆ ಅಂತ ವಾಪಸ್ ಬರ್ಲಿಲ್ಲ ಅಂದ್ರೆ? ಆ ಹೆದರಿಕೆ ಈಗಲೂ ಇದೆ. ಆದ್ರೂ ಹೋಗು. ನಾನು ಮನಸ್ಸು ಬದಲಾಯಿಸೋದ್ರೊಳಗೆ ಹೋಗು."

ಎದಿಲ್ಮಾ ಅತ್ತೆಯ ತಲೆಗೆ ಮುತ್ತಿಟ್ಟು, ಏಪ್ರನ್ ಬಿಚ್ಚುವುದನ್ನೂ ಮರೆತು ಹೊರಗೆ ಓಡಿದಳು. ಬೀದಿಯಲ್ಲಿ ಕೈ ಬೀಸಿ ನಡೆಯುವ ಅಭ್ಯಾಸವೇ ಅವಳಿಗೆ ತಪ್ಪಿತ್ತು. ಔಷಧಿ ಚೀಟಿಯಿಲ್ಲ, ತರಕಾರಿ ಚೀಲವಿಲ್ಲ. ಎರಡು ಕೈಯನ್ನೂ ಎಲ್ಲಿಡಬೇಕೆಂದು ತಿಳಿಯದೆ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಕೇಂದ್ರದ ಹಿಂದಿನ ಆಟದ ಅಂಗಳದಲ್ಲಿ ಸೈಕಲ್ ಕಲಿಸುವ ನೊಯೆಮಿ ಆಗಲೇ ಶಿಳ್ಳೆ ಊದುತ್ತಿದ್ದಳು. ಮೊದಲು ಪೆಡಲ್ ಬಿಚ್ಚಿದ ಸೈಕಲ್ ಕೊಟ್ಟಳು. ಕಾಲಿಂದ ನೆಲ ನೂಕುತ್ತಾ ಬಾತುಕೋಳಿಯ ಹಾಗೆ ಹೋಗುವುದು. ಒಂದು ಗಂಟೆ ಅದೇ. ಆಮೇಲೆ ಪೆಡಲ್ ಹಾಕಿಕೊಟ್ಟಳು. ಎದಿಲ್ಮಾ ಮೂರು ಸಲ ಬಿದ್ದಳು. ಮೊಣಕಾಲು ಸುಲಿಯಿತು. ದಿನಕ್ಕೆ ಆರು ಸಲ ಅತ್ತೆಯನ್ನು ಎತ್ತಿ ಇಳಿಸುವ ತೋಳು, ಸೊಂಟ ಅವಳದ್ದು, ಅಷ್ಟಕ್ಕೆಲ್ಲ ಬಗ್ಗುವುದಿಲ್ಲ. ನಾಲ್ಕನೇ ಸಲ ಸೈಕಲ್ ಹೊರಟಿತು. ಹೊರಟದ್ದು ಹೊರಟೇಬಿಟ್ಟಿತು! ಅಂಗಳದ ಒಂದು ಸುತ್ತು, ಎರಡು ಸುತ್ತು. ಗುಡ್ಡದ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಎದಿಲ್ಮಾ ಜೋರಾಗಿ ನಕ್ಕಳು. ತಾನು ಹಿಂದೆ ಯಾವಾಗ ಹೀಗೆ ನಕ್ಕಿದ್ದೆನೆಂದು ಅವಳಿಗೆ ನೆನಪಿರಲಿಲ್ಲ.

"ಸಾಕು, ನಿಲ್ಸಿ ಅಕ್ಕ! ಟೈಮಾಯ್ತು!" ನೊಯೆಮಿ ಕೂಗಿದಳು.

"ನಿಲ್ಸೋದು ಹೇಗೆ? ನೀವು ಹತ್ತೋದು ಮಾತ್ರ ಹೇಳ್ಕೊಟ್ರಿ!"

"ಬ್ರೇಕು! ಬ್ರೇಕ್ ಹಿಡೀರಿ!"

ಬ್ರೇಕ್ ಹಿಡಿದರೆ ಬೀಳುತ್ತೇನೆಂಬ ಹೆದರಿಕೆ. ಹಾಗಾಗಿ ಉಳಿದ ಹೆಂಗಸರೆಲ್ಲ ಬದಿಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದಂತೆ ಎದಿಲ್ಮಾ ಸುತ್ತಿದಳು, ಸುತ್ತಿದಳು. ಕೊನೆಗೆ ತಂತಿಬೇಲಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಳು. ಗಡಿಯಾರ ನೋಡಿದರೆ ನಾಲ್ಕೂ ಹತ್ತು. ಜೀವ ಬಾಯಿಗೆ ಬಂತು.

ಏರುದಾರಿಯನ್ನು ಏದುಸಿರು ಬಿಡುತ್ತಾ ಹತ್ತಿ ಅವಳು ಮನೆ ಸೇರುವಾಗ ನಾಲ್ಕೂವರೆ. ಯಾನೆತ್ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ನಾಲ್ಕು ಹೊಡೆದಾಗಿಂದ ಅಜ್ಜಿ ಬಾಗಿಲನ್ನೇ ನೋಡ್ತಿದ್ದಾರೆ," ಎಂದು ಪಿಸುಗುಟ್ಟಿದಳು.

"ಏನದು ಗುಸುಗುಸು? ನಾನು ಯಾವ ಬಾಗಿಲೂ ನೋಡ್ಲಿಲ್ಲ," ಎಂದು ಒಳಗಿಂದ ಅತ್ತೆ ಅಂದರು. ಅವರ ಕಣ್ಣು ಕೆಂಪಾಗಿತ್ತು.

ಎದಿಲ್ಮಾ ಬೈಗುಳಕ್ಕೆ ಸಿದ್ಧಳಾಗಿಯೇ ಬಂದಿದ್ದಳು. "ತಪ್ಪಾಯ್ತು ಅತ್ತೆ, ಒಂದ್ನಿಮಿಷ, ನಿಮ್ಮ ಬಟ್ಟೆ ಬದಲಾಯಿಸ್ತೀನಿ, ಪಾತ್ರೆ ತೊಳ್ದು..." ಎನ್ನುತ್ತಾ ಸೀದಾ ಅಡುಗೆಮನೆಯತ್ತ ನಡೆದಳು.

"ಎಲ್ಲಿಗೇ? ಹೊರಗಿಂದ ಬಂದವರು ಸೀದಾ ಅಡುಗೆಮನೆಗೆ ನುಗ್ತಾರಾ? ಕೂತ್ಕೋ."

"ಅತ್ತೆ, ಕೆಲಸ..."

"ಕೂತ್ಕೋ ಅಂದೆ."

ಎದಿಲ್ಮಾ ಮಂಚದ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಳು. ಯಾನೆತ್ ಸಣ್ಣ ಮೇಜನ್ನು ಹತ್ತಿರ ಎಳೆದಳು. ಅದರ ಮೇಲೆ ಒಂದು ಲೋಟ, ಒಂದು ತುಂಡು ಚೀಸು, ಬಟ್ಟೆ ಮುಚ್ಚಿದ ರೊಟ್ಟಿ. ಅತ್ತೆ ಬಲಗೈಯಲ್ಲಿ ಜಗ್ಗು ಎತ್ತಿದರು. ಲೋಟದ ಕಡೆ ವಾಲಿಸಿದರು. ಅರ್ಧ ಲೋಟಕ್ಕೆ ಬಿತ್ತು, ಅರ್ಧ ಮೇಜಿಗೆ. ಎದಿಲ್ಮಾ ಮದುವೆಯಾಗಿ ಈ ಮನೆಗೆ ಬಂದು ಮೂವತ್ತಮೂರು ವರ್ಷ. ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಕೂರಿಸಿ ಒಂದು ಲೋಟ ತುಂಬಿಸಿ ಕೊಟ್ಟಿರಲಿಲ್ಲ. ಅದು ಅವಳಿಗೆ ಈಗಲೇ ಹೊಳೆದದ್ದು. ಕಣ್ಣೀರು ಧಾರಾಳವಾಗಿ ಹರಿಯಿತು, ತಡೆಯುವ ಗೋಜಿಗೆ ಹೋಗಲಿಲ್ಲ.

"ಅಳ್ತಾ ಕುಡೀಬೇಡ, ಉಪ್ಪಾಗುತ್ತೆ. ಹೇಗಿದೆ ಹೇಳು."

"ತಣ್ಣಗಾಗಿದೆ ಅತ್ತೆ. ಗಂಟು ಗಂಟಾಗಿದೆ."

"ತಡ ಮಾಡಿ ಬಂದವಳು ಯಾರು? ಸೈಕಲ್ ಓಡ್ತಾ?"

"ಓಡ್ತು. ನಿಲ್ಲಲಿಲ್ಲ."

ಉಬಾಲ್ದಿನಾ ಸೊಟ್ಟ ಬಾಯಿ ಅಗಲಿಸಿ ನಕ್ಕರು. "ಮುಂದಿನ ಗುರುವಾರ ನಿಲ್ಸೋದು ಕಲ್ತು ಬಾ."

ಎದಿಲ್ಮಾ ತಳದ ಗಂಟನ್ನೂ ಬಿಡದೆ ಕುಡಿದು ಲೋಟ ಮುಂದೆ ಚಾಚಿದಳು. "ಇನ್ನೊಂದ್ಸಲ್ಪ ಹಾಕಿ."

ಅತ್ತೆ ಮತ್ತೆ ಜಗ್ಗಿಗೆ ಕೈ ಚಾಚಿದರು. ಅದು ಒಂದು ಗೇಣು ದೂರವಿತ್ತು. ಬೆರಳು ತಾಗಿತು, ಜಾರಿತು, ಮತ್ತೆ ತಾಗಿತು. ಎದ್ದು ಎತ್ತಿಕೊಡಲು ಎದಿಲ್ಮಾಳ ಕೈ ತುರಿಸಿತು. ಆದರೆ ಅವಳು ಏಳಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಲೋಟ ಹಿಡಿದುಕೊಂಡು ಕಾದಳು.