ಈರಣ್ಣನ ಕಿವಿ ಮಷೀನು

ಮರಾಠಿ ನಾಡಿನ ಖಡಕಿ ಬಾಜಾರಿನಲ್ಲಿ ಈರಣ್ಣನದು ಹೊಲಿಗೆ ಸಾಮಾನಿನ ಅಂಗಡಿ. ದಾರ, ಗುಂಡಿ, ಜಿಪ್ಪು, ಲೇಸು, ಏನು ಬೇಕಾದರೂ ಸುತ್ತಲಿನ ಟೇಲರುಗಳು ಅಲ್ಲಿಗೇ ಬರುತ್ತಾರೆ. ಒಂದು ದಿನ ಟೇಲರ್ ಭಾಮಾ ಬಂದು ನಿಳಾ ದಾರ ಕೇಳಿದಳು. ಮರಾಠಿಯಲ್ಲಿ ನಿಳಾ ಎಂದರೆ ನೀಲಿ, ಕಾಳಾ ಎಂದರೆ ಕಪ್ಪು. ಈರಣ್ಣ ಕಪ್ಪು ದಾರ ಕೊಟ್ಟ. ಅವಳು ಮತ್ತೆ ಹೇಳಿದಳು. ಅವನು ತಲೆಯಾಡಿಸಿ ಇನ್ನೊಂದು ಕಪ್ಪು ರೀಲು ತೆಗೆದ. ಭಾಮಾ ಪಕ್ಕಕ್ಕೆ ಸರಿದು, ಈರಣ್ಣನ ಸೊಸೆ ಶಿವಾನಿಯ ಮುಂದೆ ಹೋಗಿ ನಿಂತಳು.

ಈರಣ್ಣನಿಗೆ ಅದು ಬಹಳ ನಾಟಿತು. ಮರುದಿನದಿಂದ ಗಲ್ಲಾ ಬಿಟ್ಟು ಒಳಗಿನ ಸ್ಟೂಲಿನ ಮೇಲೆ ಕೂತ. ಲೇಸು ಸುತ್ತುತ್ತಾ ಕೂತವನು ಗಿರಾಕಿ ಬಂದರೂ ತಲೆ ಎತ್ತುತ್ತಿರಲಿಲ್ಲ.

ಅವನ ಕಿವಿ ಮಂದವಾಗಿದ್ದು ಈಗಲ್ಲ, ಕೆಲವು ವರ್ಷಗಳ ಹಿಂದೆ. ಆದರೆ ಹೋದ ವರ್ಷ ಮಗ ಬಸವಪ್ರಭು ಒಳ್ಳೆಯ ಕಂಪನಿಯ ಕಿವಿ ಮಷೀನು ಕೊಡಿಸಿದ ಮೇಲೆ ಬದುಕು ಸಲೀಸಾಗಿತ್ತು. ಆ ಮಷೀನನ್ನು ಮೊಬೈಲಿನ ಆ್ಯಪಿನಿಂದ ಹೊಂದಿಸಬೇಕು. ಅಂಗಡಿಗೆ ಒಂದು ಬಗೆ, ಮನೆಗೆ ಇನ್ನೊಂದು ಬಗೆ. ಸರಿಯಾಗಿ ಹೊಂದಿಸಿದರೆ ಎದುರಿನವರ ಮಾತು ಮುಂದೆ ಬರುತ್ತಿತ್ತು, ರಸ್ತೆಯ ಹಾರ್ನು ಹಿಂದೆ ಸರಿಯುತ್ತಿತ್ತು. ಹೀಗಿರುವಾಗ, ಭಾಮಾ ದಾರ ಕೇಳಿ ಬರುವ ಕೆಲವು ದಿನ ಮೊದಲು, ಕಂಪನಿ ಹೊಸ ಆ್ಯಪ್ ತಂದಿತು. ಹಳೆಯ ಆ್ಯಪ್ ತೆರೆಯದಾಯಿತು. ಹೊಸದು ಈರಣ್ಣನ ಮಷೀನನ್ನು ಗುರುತಿಸಲೇ ಇಲ್ಲ. ಮಷೀನು ಕೆಟ್ಟಿರಲಿಲ್ಲ, ಆದರೆ ಎಲ್ಲ ಸದ್ದನ್ನೂ ಒಂದೇ ಸಮನೆ ಕಿವಿಗೆ ತುರುಕತೊಡಗಿತು. ಫ್ಯಾನು, ರಿಕ್ಷಾ, ಮನುಷ್ಯರ ಮಾತು, ಎಲ್ಲ ಕಲಸುಮೇಲೋಗರ.

ಬಸವಪ್ರಭು ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ರಜೆಯ ದಿನ ಅಪ್ಪನನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಕರೆದುಕೊಂಡು ಹೋದ. ಅಲ್ಲಿನ ಹುಡುಗಿ ನೀರು ಕೊಟ್ಟು ಮರ್ಯಾದೆಯಿಂದಲೇ ಮಾತಾಡಿದಳು. ಈ ಮಾದರಿಯನ್ನು ಕಂಪನಿ ನಿಲ್ಲಿಸಿದೆ, ಹೊಸ ಆ್ಯಪು ಇದಕ್ಕೆ ಕೂಡುವುದಿಲ್ಲ, ಹಳೆಯದನ್ನು ಕೊಟ್ಟು ಹೊಸದನ್ನು ಕೊಂಡರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ ಎಂದಳು. ವಾರಂಟಿ ಇನ್ನೂ ಇದೆಯಲ್ಲ ಎಂದು ಬಸವಪ್ರಭು ಕೇಳಿದ. ವಾರಂಟಿ ಮಷೀನಿಗೆ, ಆ್ಯಪಿಗಲ್ಲ ಎಂಬ ಉತ್ತರ ಬಂತು.

ದಾರಿಯುದ್ದಕ್ಕೂ ಬಸವಪ್ರಭು ಅಪ್ಪನಿಗೆ ಸಮಾಧಾನ ಹೇಳಿದ. ಫೋನು ಹಳೆಯದಾಗುವುದಿಲ್ಲವೇ, ಟಿವಿ ಹಳೆಯದಾಗುವುದಿಲ್ಲವೇ, ಈಗಿನ ಕಾಲವೇ ಹಾಗೆ. ಕಂತಿನ ಮೇಲೆ ಹೊಸದು ತಗೊಳ್ಳೋಣ ಎಂದ. ಈರಣ್ಣನಿಗೆ ಅರ್ಧ ಕೇಳಿತು, ಉಳಿದರ್ಧ ಊಹಿಸಿದ. ಹೊಸದು ಬೇಡವೆಂದು ಕೈಯಲ್ಲಾಡಿಸಿದ. ಅದನ್ನೂ ನಾಳೆ ಹಳೆಯದು ಮಾಡಿದರೆ ಏನು ಗತಿ ಎಂಬುದು ಅವನ ಮನಸ್ಸಿನಲ್ಲಿತ್ತು.

ಅದೇ ವಾರ ದುರ್ಗಾ ಅಂಗಡಿಗೆ ಬಂದಳು. ಈರಣ್ಣನವರ ವಸತಿ ಸೊಸೈಟಿಯಲ್ಲೇ ಕೆಳಗಿನ ಮನೆಯವಳು, ವಿಜಯಪುರದ ಕಡೆಯವಳು, ವಿಮಾ ಆಫೀಸಿನಲ್ಲಿ ಕೆಲಸ. ಈರಣ್ಣ ಒಳಗೆ ಕೂತದ್ದು ಕಂಡು ಏನಾಯಿತೆಂದು ವಿಚಾರಿಸಿದಳು. ಶಿವಾನಿ ಎಲ್ಲ ಹೇಳಿದಳು. ದುರ್ಗಾ ಒಳಗೆ ಬಂದು ಈರಣ್ಣನ ಎದುರು ಕೂತು, ತುಟಿ ಕಾಣುವಂತೆ ನಿಧಾನವಾಗಿ ಕೇಳಿದಳು:

"ಕಾಕಾ, ಗ್ರಾಹಕರ ಸಹಾಯವಾಣಿಗೆ ತಕರಾರ ಮಾಡೀರೇನ್ರಿ?"

ಈರಣ್ಣ ನಕ್ಕುಬಿಟ್ಟ. "ತಂಗಿ, ನಾನೂ ವ್ಯಾಪಾರಸ್ಥನೇ ಇದೀನಿ. ಮಾರಿದ ಮಾಲು ವಾಪಸ್ ತಗೊಳ್ಳೂದಿಲ್ಲಂತ ನನ್ನ ಅಂಗಡ್ಯಾಗೇ ಬೋರ್ಡ್ ಅದ. ನಾ ಯಾವ ಬಾಯಿಲೆ ಕಂಪನಿಗೆ ಅನ್ನಲಿ?"

ದುರ್ಗಾ ಗೋಡೆಯ ಬೋರ್ಡು ನೋಡಿದಳು. "ಆ ಬೋರ್ಡ್ ಕಾಯ್ದಾದ ಮುಂದ ನಡ್ಯಾಂಗಿಲ್ರಿ ಕಾಕಾ. ಮಾಲಿನಾಗ ದೋಷ ಇದ್ರ ವಾಪಸ್ ತಗೋಬೇಕು. ಬಿಲ್ಲಿನಾಗ ಮುದ್ದತು ಬರದಿರಲಿಲ್ಲಂದ್ರ ಮೂವತ್ತು ದಿನದೊಳಗ. ನಿಮಗೂ ಅದೇ ಕಾಯ್ದೆ, ಕಂಪನಿಗೂ ಅದೇ."

ಈರಣ್ಣನಿಗೆ ಮುಖಕ್ಕೆ ಹೊಡೆದಂತಾಯಿತು. ಅವನು ಮೋಸದ ಮನುಷ್ಯನಲ್ಲ. ಆ ಬೋರ್ಡು ಎಲ್ಲ ಅಂಗಡಿಗಳಲ್ಲಿ ಇದ್ದಂತೆ ಇಲ್ಲಿಯೂ ಇತ್ತು, ಅಷ್ಟೇ; ಅದರ ಬಗ್ಗೆ ಅವನು ಯೋಚಿಸಿರಲೇ ಇಲ್ಲ. ಆದರೆ ಹಲ್ಲು ಕಚ್ಚದ ಜಿಪ್ಪುಗಳನ್ನು ಭಾಮಾ ತಂದಾಗ ಇದೇ ಬೋರ್ಡು ತೋರಿಸಿ ಕಳಿಸಿದ್ದು ನೆನಪಿತ್ತು. ಅವಳು ಅಂದು ಮರುಮಾತಾಡದೆ ಹೋಗಿದ್ದಳು. ತಾನು ಸರ್ವಿಸ್ ಸೆಂಟರಿನಿಂದ ಎದ್ದು ಬಂದದ್ದೂ ಹಾಗೆಯೇ. ಅವನು ಸ್ಟೂಲನ್ನು ಗೋಡೆಗೆ ಎಳೆದು, ಬೋರ್ಡು ಕಳಚಿ ಕೆಳಗಿಟ್ಟ. ಶಿವಾನಿಗೆ ಹೇಳಿ ಭಾಮಾಳ ಅಂಗಡಿಗೆ ಹೊಸ ಜಿಪ್ಪು ಕಳಿಸಿದ.

ಆಮೇಲೆ ದುರ್ಗಾಳನ್ನು ಕೂರಿಸಿಕೊಂಡು, ತಕರಾರು ಮಾಡುವುದು ಹೇಗೆಂದು ಕೇಳಿದ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ನಂಬರು 1915, ಕನ್ನಡದಲ್ಲೂ ಮಾತಾಡುತ್ತಾರೆ ಎಂದು ಅವಳು ಹೇಳಿದಳು. ತನಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲವಲ್ಲ ಎಂದು ಈರಣ್ಣ ಕಿವಿ ಮುಟ್ಟಿ ತೋರಿಸಿದ. ಹಾಗಾದರೆ ಬರೆದೇ ಕಳಿಸಬಹುದು, ಅವರ ವೆಬ್‌ಸೈಟೂ ಇದೆ ಎಂದಳು. ಖರ್ಚಿಲ್ಲ, ವಕೀಲರೂ ಬೇಡ. ಸಹಾಯವಾಣಿಯವರು ತೀರ್ಪು ಕೊಡುವುದಿಲ್ಲ, ಕಂಪನಿಯಿಂದ ಉತ್ತರ ಕೇಳುತ್ತಾರೆ. ಉತ್ತರ ಸರಿಯಿಲ್ಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ.

ಸಂಜೆ ಬಸವಪ್ರಭು ಬಂದಾಗ ಶಿವಾನಿ ಬಿಲ್ಲಿನ ಫೋಟೋ ತೆಗೆಯುತ್ತಿದ್ದಳು. ಅವನಿಗೆ ಇದು ಸರಿಬರಲಿಲ್ಲ. ಇಷ್ಟು ದೊಡ್ಡ ಕಂಪನಿ ನಮ್ಮ ಮಾತು ಕೇಳುತ್ತದೆಯೇ, ಸುಮ್ಮನೆ ತಲೆನೋವು ಎಂದ. ತಂತ್ರಜ್ಞಾನ ಮುಂದೆ ಹೋಗುವುದನ್ನು ಯಾರು ತಡೆಯುತ್ತಾರೆ ಎಂದೂ ಕೇಳಿದ. ಈರಣ್ಣ ಮಗನ ತುಟಿ ನೋಡುತ್ತಾ ಮಾತು ಹಿಡಿದ. ಆಮೇಲೆ ಹೇಳಿದ:

"ಮುಂದ ಹೋಗಲಿ, ಬ್ಯಾಡಂದವ್ರು ಯಾರು. ಆದ್ರ ನನ್ನ ಕಿವಿ ಕಸಗೊಂಡು ಯಾಕ ಹೋಗಬೇಕು? ಕಿವಿ ನನಗ ಮಾರ್ಯಾರ, ಕೇಳೂದು ತಮ್ಮ ಆ್ಯಪಿನಾಗ ಇಟ್ಕೊಂಡಾರ. ಇದು ಹಳೇದಾಗಿದ್ದಲ್ಲ, ಹಳೇದು ಮಾಡಿದ್ದು."

ಅಪ್ಪ ಇಷ್ಟು ಮಾತಾಡಿದ್ದನ್ನು ಬಸವಪ್ರಭು ಎಷ್ಟೋ ದಿನಗಳಿಂದ ಕೇಳಿರಲಿಲ್ಲ. ಶಿವಾನಿಯ ಕೈಯಿಂದ ಫೋನು ತೆಗೆದುಕೊಂಡು ತಾನೇ ಟೈಪು ಮಾಡಿದ. ಮಷೀನು ಯಾವಾಗ ಕೊಂಡದ್ದು, ಯಾವತ್ತಿನಿಂದ ತೊಂದರೆ, ಸರ್ವಿಸ್ ಸೆಂಟರಿನವರು ಏನು ಹೇಳಿದರು, ತಮಗೆ ಏನು ಬೇಕು, ಅಷ್ಟನ್ನೇ ಬರೆದ. ಬೈಗುಳ ಒಂದೂ ಇರಲಿಲ್ಲ.

ಕೆಲವು ದಿನಗಳಲ್ಲಿ ಕಂಪನಿಯ ಉತ್ತರ ಬಂತು. ಅದೇ ಹಳೆಯ ಮಾತು: ಆ್ಯಪ್ ವಾರಂಟಿಗೆ ಸೇರುವುದಿಲ್ಲ, ರಿಯಾಯಿತಿ ಸ್ವಲ್ಪ ಹೆಚ್ಚು ಕೊಡುತ್ತೇವೆ. ನಾನು ಮೊದಲೇ ಹೇಳಿದ್ದೆನಲ್ಲ ಎಂದು ಬಸವಪ್ರಭು ಕೈಚೆಲ್ಲಿದ. ದುರ್ಗಾ ಬಿಡಲಿಲ್ಲ. ಹಿಂದೆ ತಾನು ಮಾಡಿದ ಫ್ರಿಜ್ಜಿನ ತಕರಾರಿಗೂ ಮೊದಲು ಇಂಥದೇ ಉತ್ತರ ಬಂದಿತ್ತು, ಅಲ್ಲಿಗೇ ಬಿಟ್ಟಿದ್ದರೆ ಕೆಟ್ಟ ಫ್ರಿಜ್ಜೇ ಗತಿಯಾಗುತ್ತಿತ್ತು ಎಂದಳು. ಈ ಉತ್ತರ ನಮಗೆ ಒಪ್ಪಿಗೆಯಿಲ್ಲ, ವಾರಂಟಿ ಇರುವಾಗಲೇ ಆ್ಯಪ್ ನಿಲ್ಲುತ್ತದೆಂದು ಮಾರುವಾಗ ತಿಳಿಸಿರಲಿಲ್ಲ, ಸರಿಪಡಿಸದಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗುತ್ತೇವೆ ಎಂದು ಮತ್ತೆ ಬರೆಸಿದಳು.

ಈ ಸಲ ಕಂಪನಿಯವರೇ ಫೋನು ಮಾಡಿದರು. ಮಾತಾಡಿದ್ದು ಬಸವಪ್ರಭು. ಮಷೀನು ತನ್ನಿರಿ, ಹಳೆಯ ಆ್ಯಪನ್ನು ನಿಮ್ಮ ಫೋನಿಗೆ ಮತ್ತೆ ಹಾಕಿಕೊಡುತ್ತೇವೆ, ವಾರಂಟಿ ಮುಗಿಯುವವರೆಗೆ ಅದು ನಡೆಯುತ್ತದೆ ಎಂದು ಬರೆದುಕೊಡುತ್ತೇವೆ ಎಂದರು. ತಪ್ಪಾಯಿತು ಎಂಬ ಮಾತು ಮಾತ್ರ ಬರಲಿಲ್ಲ. ವಾರಂಟಿ ಮುಗಿದ ಮೇಲಿನದನ್ನು ಬರೆದುಕೊಡಲೂ ಒಪ್ಪಲಿಲ್ಲ. ಅದನ್ನು ಆಗ ನೋಡೋಣ, ಹಕ್ಕಿನಿಂದ ಕೇಳುವುದು ಹೇಗೆಂದು ಈಗ ಗೊತ್ತಾಗಿದೆಯಲ್ಲ ಎಂದಳು ಶಿವಾನಿ.

ಸರ್ವಿಸ್ ಸೆಂಟರಿನಲ್ಲಿ ಎಂಜಿನಿಯರು ಹಳೆಯ ಆ್ಯಪ್ ಹಾಕಿ, ಈರಣ್ಣನ ಕಿವಿಗೆ ತಕ್ಕಂತೆ ಹೊಂದಿಸಿದ. ಫ್ಯಾನಿನ ಸದ್ದು ಹಿಂದೆ ಸರಿಯಿತು. ಪಕ್ಕದ ಕೌಂಟರಿನ ಮಾತು ಈರಣ್ಣನಿಗೆ ಬಿಡಿಬಿಡಿಯಾಗಿ ಕೇಳಿಸಿತು. ಅಲ್ಲಿ ಒಬ್ಬ ಮುದುಕಿ ಕೂತಿದ್ದಳು. ದೂರದ ಇಂದಾಪುರದಿಂದ ಸರ್ಕಾರಿ ಎಸ್‌ಟಿ ಬಸ್ಸು ಹಿಡಿದು ಬಂದಿದ್ದೇನೆ ಎನ್ನುತ್ತಿದ್ದಳು. ಅವಳ ಕೈಯಲ್ಲೂ ಇವನದೇ ಮಾದರಿಯ ಮಷೀನು. ಮಾದರಿ ನಿಂತಿದೆ, ಹೊಸದು ತಗೊಳ್ಳಿ ಎಂದು ಹುಡುಗಿ ಜೋರಾಗಿ ಹೇಳುತ್ತಿದ್ದಳು. ಮುದುಕಿ ಅರ್ಥವಾಗದೆ ತಲೆಯಾಡಿಸುತ್ತಾ ಹೊಸದರ ಕಾಗದಕ್ಕೆ ಸಹಿ ಹಾಕಲು ಪೆನ್ನು ತಗೊಂಡಳು.

ಈರಣ್ಣ ಎದ್ದು ಹೋಗಿ ಅವಳ ಎದುರಿನ ಕುರ್ಚಿಯಲ್ಲಿ ಕೂತ. ಅವಳಿಗೆ ತುಟಿ ಕಾಣುವಂತೆ, ನಿಧಾನವಾಗಿ, ಮರಾಠಿಯಲ್ಲಿ, ಸಹಿ ಮಾಡಬೇಡಿರಿ ತಾಯಿ ಎಂದ. ತನ್ನ ಮಷೀನು ತೆಗೆದು ತೋರಿಸಿ, ಇದೂ ಅದೇ, ಈಗಷ್ಟೇ ಸರಿಯಾಯಿತು, ನಿಮ್ಮದೂ ಆಗುತ್ತದೆ ಎಂದ. ಹುಡುಗಿ ಎಂಜಿನಿಯರನ ಕಡೆ ನೋಡಿದಳು. ಎಂಜಿನಿಯರು ಅಜ್ಜಿಯ ಫೋನು ಕೊಡಿರಿ ಎಂದು ಕೈ ಚಾಚಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕೆಡದೆಯೇ ಹಳೆಯದು ಎನಿಸಿಕೊಂಡ ವಸ್ತು ಒಂದು ಇದ್ದೀತು. ಕೊಳ್ಳುವಾಗಲೇ ಕೇಳಿ: ಇದು ಆ್ಯಪಿಲ್ಲದೆ ನಡೆಯುತ್ತದೆಯೇ, ರಿಪೇರಿ ಎಷ್ಟು ವರ್ಷ ಸಿಗುತ್ತದೆ? ಬಿಲ್ಲು ಕೇಳಿ ಪಡೆಯಿರಿ, ಫೋಟೋ ತೆಗೆದಿಡಿ. ಅನ್ಯಾಯವೆನಿಸಿದರೆ 1915ಕ್ಕೆ ಕನ್ನಡದಲ್ಲೇ ಹೇಳಿ. ಮೊದಲ ಉತ್ತರಕ್ಕೆ ಸುಮ್ಮನಾಗಬೇಡಿ. ಜಿಲ್ಲಾ ಆಯೋಗಕ್ಕೆ ಹೋಗುವುದಾದರೆ ತೊಂದರೆಯಾದ ಎರಡು ವರ್ಷದೊಳಗೆ ಹೋಗಿ. ಐದು ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ, ನಿಮ್ಮ ಮಾತನ್ನು ನೀವೇ ಆಡಬಹುದು. ನಿಮ್ಮ ಕೆಲಸ ಆದ ಮೇಲೆ, ಪಕ್ಕದ ಕುರ್ಚಿಯಲ್ಲಿ ಕೂತವರಿಗೂ ಒಂದು ಮಾತು ಹೇಳಿ ಬನ್ನಿ.